ಅಪ್ಪಯ್ಯನ ಓಮ್ನಿ ಮತ್ತು ಆಗುಂಬೆ ದಾರಿ

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸು, ಸುಮಾರು 60 ಕಿ.ಮೀ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ ಅಂತ ಒಂದೊಂದೇ ಊರು ದಾಟುವಾಗ ತುಂಗೆ ಪಕ್ಕದಲ್ಲೇ ಬರುತ್ತಾಳೆ. ರೈಲಿನಲ್ಲಿ ಎಷ್ಟೇ ನಿದ್ದೆಗೆಟ್ಟಿದ್ದರೂ ಈ ದಾರಿಯಲ್ಲಿ ನಾನು ಕಣ್ಣು ಮುಚ್ಚೋದಿಲ್ಲ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಅಪ್ಪಯ್ಯ ಓಮ್ನಿ ತಂದಿರುತ್ತಾರೆ. ಅಲ್ಲಿಂದ ಮನೆಗೆ ಇನ್ನೂ ಎಂಟು ಕಿ.ಮೀ.

ಕಳೆದ ಡಿಸೆಂಬರ್ ಕೊನೆಯಲ್ಲಿ ಹೋದಾಗ ವ್ಯಾನ್ ಹತ್ತಿದ ಕೂಡಲೇ ಒಂದು ವಾಸನೆ ಬಂತು. ಒಲೆ ಮೇಲೆ ಎಣ್ಣೆ ಚೆಲ್ಲಿದರೆ ಬರುತ್ತಲ್ಲ, ಹಾಗೆ.

"ಎಂತ ವಾಸನೆ ಅಪ್ಪಯ್ಯ?"

"ಎಂತದೂ ಇಲ್ಲ ಮಾರಾಯ್ತಿ. ಹಳೇ ಗಾಡಿ ಅಲ್ದಾ," ಅಂತ ಕಿಟಕಿ ತೆಗೆದರು.

ಮನೆ ಮುಟ್ಟಿದ ಮೇಲೆ ಗೊತ್ತಾಯ್ತು. ಗಾಡಿ ನಿಲ್ಲಿಸಿದವರೇ ಗೋಡೆಗೆ ಒರಗಿಸಿದ್ದ ಒಂದು ಅಡಿಕೆ ಹಾಳೆ ತಂದು, ಬಗ್ಗಿ, ಎಂಜಿನ್ ಕೆಳಗೆ ಸರಿಯಾದ ಜಾಗಕ್ಕೆ ತಳ್ಳಿದರು. ಹಲ್ಲುಜ್ಜಿದ ಮೇಲೆ ಬ್ರಷ್ ಇಡೋ ಹಾಗೆ, ಅಷ್ಟು ಅಭ್ಯಾಸ. ಹಾಳೆಯ ಗುಂಡಿಯಲ್ಲಿ ಕಪ್ಪು ಎಣ್ಣೆಯ ಹಳೇ ಕಲೆ ಇತ್ತು. ಕೊಟ್ಟಿಗೆ ಮೂಲೆಯಲ್ಲಿ ಎಂಜಿನ್ ಆಯಿಲ್ಲಿನ ಖಾಲಿ ಡಬ್ಬ ನಾಲ್ಕು.

ಕೇಳಿದ್ದಕ್ಕೆ ನಿಧಾನವಾಗಿ ಒಪ್ಪಿಕೊಂಡರು. ಎರಡು ವಾರಕ್ಕೊಮ್ಮೆ ಅರ್ಧ ಲೀಟರ್ ಸುರಿಯುತ್ತಿದ್ದರಂತೆ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಗಾಡಿ ಅಡಿಗೆ ಒಮ್ಮೆ ಟಾರ್ಚ್ ಬಿಟ್ಟು, "ಎಂಜಿನ್ ಇಳಿಸಿ ಸೀಲ್ ಎಲ್ಲ ಬದಲಿಸ್ಬೇಕು" ಅಂದರಂತೆ. ಹೇಳಿದ ಮೊತ್ತ ಗಾಡಿ ಮಾರಿದರೆ ಸಿಗೋ ದುಡ್ಡಿನ ಅರ್ಧ.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಮಾರಿಬಿಡಿ ಅಂತಿದ್ದೆ."

ಹೌದು, ಅಂದಿದ್ದೆ. ಫೋನಿನಲ್ಲಿ ಎರಡು ಮೂರು ಸಲ.

ಬೆಂಗಳೂರಿನಲ್ಲಿ ಓಮ್ನಿ ಅಂದರೆ ಸಿನಿಮಾದಲ್ಲಿ ಹೀರೋಯಿನ್‌ನ ಎತ್ತಾಕಿಕೊಂಡು ಹೋಗೋ ಗಾಡಿ. ನಮ್ಮ ಕಡೆ ಅದು ಮನೆಮಂದಿಯಲ್ಲಿ ಒಬ್ಬರು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 1988ರಲ್ಲಿ ಓಮ್ನಿ ಅಂತ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಂತ ಗಾಡಿ ಇದು. 796 ಸಿಸಿಯ ಪುಟ್ಟ ಎಂಜಿನ್, ಮೂರೇ ಸಿಲಿಂಡರ್. ಹಿಂದಿನ ಸೀಟು ತೆಗೆದರೆ ಅಡಿಕೆ ಮೂಟೆ, ಹಾಕಿದರೆ ಮದುವೆ ದಿಬ್ಬಣ. ನಮ್ಮದು 2006ರದ್ದು. ನನ್ನನ್ನು ಹಾಸ್ಟೆಲಿಗೆ ಬಿಟ್ಟಿದ್ದೂ ಅದೇ, ಅಜ್ಜಿಯನ್ನು ಕೊನೇ ಸಲ ಆಸ್ಪತ್ರೆಗೆ ಒಯ್ದಿದ್ದೂ ಅದೇ.

ಆದರೆ ಈಗ ಪ್ರಶ್ನೆ ಪ್ರೀತಿಯದ್ದಾಗಿರಲಿಲ್ಲ. ಬುಧವಾರ ಅಮ್ಮನ ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಹೋಗಬೇಕಿತ್ತು, ಆಗುಂಬೆ ಘಾಟಿ ಇಳಿದು. ಎಂಜಿನ್ ಆಯಿಲ್ ತೀರಾ ಕಡಿಮೆಯಾದರೆ ಎಂಜಿನ್ ಸೀಜ್ ಆಗಿ ನಡುದಾರಿಯಲ್ಲಿ ಹಿಡಿದುಕೊಳ್ಳುತ್ತೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬೀಳುತ್ತಿದ್ದರೆ ಬೆಂಕಿಯ ಭಯ ಬೇರೆ. ಬಸ್ಸಿಗೆ ಹೋಗೋಣ ಅಂದರೆ ಅಪ್ಪಯ್ಯ ಮುಖ ತಿರುಗಿಸಿದರು. 68 ವರ್ಷದವರಿಗೆ "ಬಸ್ಸಿಗೆ ಹೋಗೋಣ" ಅಂದರೆ "ಇನ್ನು ನೀವು ಗಾಡಿ ಬಿಡೋದು ಸಾಕು" ಅಂತ ಕೇಳಿಸುತ್ತೆ ಅಂತ ನನಗೆ ಆಮೇಲೆ ಹೊಳೀತು.

ಭಾನುವಾರ ಬೆಳಗ್ಗೆ ಮಂಜು ಕರಗೋ ಮೊದಲೇ ಶುರು ಮಾಡಿದೆವು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. "ಅಡಿಕೆಗೆ ಎಣ್ಣೆ ವಾಸನೆ ತಾಗಿದ್ರೆ ನಿಮ್ಮಿಬ್ರನ್ನೂ ಸುಮ್ನೆ ಬಿಡಲ್ಲ," ಅಂತ ಅಮ್ಮ ಎಚ್ಚರಿಸಿದ್ದರಿಂದ ಗಾಡಿಯನ್ನು ಕೊಟ್ಟಿಗೆ ಪಕ್ಕಕ್ಕೆ ತಳ್ಳಿದೆವು. ಚಕ್ರಕ್ಕೆ ಕಲ್ಲು ಕೊಟ್ಟೆವು.

ಓಮ್ನಿಯ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಮೇಲಿಂದಲೇ ಕಾಣುತ್ತೆ. ಗಾಡಿ ಅಡಿಗೆ ನುಸುಳಬೇಕಾಗಿಲ್ಲ, ಜಾಕ್ ಹಾಕಬೇಕಾಗಿಲ್ಲ. ಎತ್ತಿ ನೋಡಿದರೆ ಎಣ್ಣೆ ಮತ್ತು ಧೂಳು ಸೇರಿ ಎಲ್ಲ ಕಡೆ ಕಪ್ಪು ಜಿಡ್ಡು. ಎಲ್ಲಿಂದ ಸೋರುತ್ತಿದೆ ಅಂತ ಹೇಳೋದು ಹೇಗೆ?

ಇಲ್ಲಿ ಅಪ್ಪಯ್ಯನ ಅನುಭವ ಕೆಲಸಕ್ಕೆ ಬಂತು. "ಮೊದ್ಲು ತೊಳೀಬೇಕು. ಕೊಳೆ ಮೇಲೆ ಕಳ್ಳ ಸಿಗೋದಿಲ್ಲ," ಅಂದರು. ಎಂಜಿನ್ ತಣ್ಣಗಿತ್ತು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಹಳೇ ಟೂತ್ ಬ್ರಷ್ಷಿಗೆ ಸೀಮೆಎಣ್ಣೆ ಅದ್ದಿ ಇಬ್ಬರೂ ತಿಕ್ಕಿದೆವು. ಮಧ್ಯಾಹ್ನದ ತನಕ ಒಣಗಲು ಬಿಟ್ಟೆವು. ಸೀಮೆಎಣ್ಣೆ ಪೂರ್ತಿ ಆರದೆ ಸ್ಟಾರ್ಟ್ ಮಾಡೋದು ಅಪಾಯ.

ಊಟ ಆದ ಮೇಲೆ ಅಮ್ಮನ ಪೌಡರ್ ಡಬ್ಬ ತಂದೆ. ಎಂಜಿನ್ನಿನ ಬದಿಗೆಲ್ಲ ತೆಳ್ಳಗೆ ಉದುರಿಸಿ, ಬ್ಯಾಟರಿ ವೈರ್ ಹಾಕಿ, ಹದಿನೈದು ನಿಮಿಷ ಎಂಜಿನ್ ಓಡಿಸಿದೆವು. ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದರೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರೋ ಕಡೆ ಪೌಡರ್ ಬೆಳ್ಳಗೆ ಹಾಗೇ ಇತ್ತು. ಅಂದರೆ ಆ ದೊಡ್ಡ ಸೀಲಿನದ್ದು ತಪ್ಪಲ್ಲ. ಮೇಲೆ, ಟ್ಯಾಪೆಟ್ ಕವರಿನ ಹಿಂಬದಿ ಮೂಲೆಯಿಂದ ಮಾತ್ರ ಒಂದು ಕಪ್ಪು ಗೆರೆ ಇಳಿದಿತ್ತು. ಎಣ್ಣೆ ಮೇಲಿಂದ ಹೊರಟು, ಬದಿಯಲ್ಲಿ ಇಳಿದು, ಕೆಳಗೆ ಆಯಿಲ್ ಚೇಂಬರಿನ ತುದಿಗೆ ಬಂದು ಹನಿಯಾಗುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಚೇಂಬರೋ ಸೀಲೋ ಸೋರಿದ ಹಾಗೆ ಕಾಣೋದು ಸಹಜ.

ಟ್ಯಾಪೆಟ್ ಕವರ್ ಅಂದರೆ ಎಂಜಿನ್ನಿನ ತಲೆ ಮೇಲಿನ ಮುಚ್ಚಳ. ಅದರ ಅಂಚಿಗೆ ರಬ್ಬರ್ ಪ್ಯಾಕಿಂಗ್ ಇರುತ್ತೆ. ವರ್ಷಗಟ್ಟಲೆ ಕಾದು ಕಾದು ಅದು ಗಟ್ಟಿಯಾಗುತ್ತೆ, ಆಮೇಲೆ ಎಣ್ಣೆ ತಡೆಯೋದಿಲ್ಲ. ಸೋಮವಾರ ಪಕ್ಕದ ಮನೆ ಬೈಕಿನಲ್ಲಿ ತೀರ್ಥಹಳ್ಳಿಗೆ ಹೋಗಿ ಹೊಸದು ತಂದೆ. ಇಬ್ಬರು ಹೋಟೆಲಿನಲ್ಲಿ ಊಟ ಮಾಡೋ ದುಡ್ಡು, ಅಷ್ಟೇ.

ಬಿಚ್ಚುವಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆದೆ. ಯಾವ ಪೈಪ್ ಎಲ್ಲಿಗೆ, ಯಾವ ವೈರ್ ಯಾವುದರ ಮೇಲೆ ಅಂತ ವಾಪಸ್ ಜೋಡಿಸುವಾಗ ಅದೇ ಗತಿ. ಸಣ್ಣ ಸ್ಪ್ಯಾನರಿನಲ್ಲಿ ಬೋಲ್ಟ್ ಬಿಚ್ಚಿ ಕವರ್ ಎತ್ತಿದರೆ ಹಳೇ ಪ್ಯಾಕಿಂಗ್ ಬಳೆ ಚೂರಿನ ಹಾಗೆ ಪಟಪಟ ಮುರಿದು ಬಂತು. ಚೂರು ಎಂಜಿನ್ನಿನೊಳಗೆ ಬೀಳದ ಹಾಗೆ ಶುಭ್ರವಾದ ಬಟ್ಟೆ ಹಾಸಿದೆವು. ಅಂಟಿದ್ದನ್ನು ಕೆರೆಯಲು ನಾನು ಸ್ಕ್ರೂಡ್ರೈವರ್ ತೆಗೆದುಕೊಂಡರೆ ಅಪ್ಪಯ್ಯ ಕೈ ಹಿಡಿದರು. ಎಂಜಿನ್ನಿನ ತಲೆ ಅಲ್ಯೂಮಿನಿಯಂ, ಗೀರು ಬಿದ್ದರೆ ಅಲ್ಲಿಂದಲೇ ಮತ್ತೆ ಸೋರುತ್ತೆ. ಅವಧಿ ಮುಗಿದ ನನ್ನ ಎಟಿಎಂ ಕಾರ್ಡಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು.

ಕವರಿನಿಂದ ಹೊರಡೋ ಉಸಿರುಪೈಪನ್ನು ಊದಿ ನೋಡಿದೆ. ಗಾಳಿ ಹೋಗಲಿಲ್ಲ. ಒಳಗೆ ಗಸಿ ಕಟ್ಟಿತ್ತು. ಎಂಜಿನ್ನಿನೊಳಗಿನ ಒತ್ತಡ ಹೊರಹೋಗೋ ದಾರಿ ಅದು. ಅದು ಮುಚ್ಚಿದರೆ ಒತ್ತಡ ಎಣ್ಣೆಯನ್ನು ಸಿಕ್ಕಿದ ಸಂದಿಯಿಂದ ನೂಕುತ್ತೆ. ಇದನ್ನು ತೊಳೆಯದೆ ಪ್ಯಾಕಿಂಗ್ ಮಾತ್ರ ಹಾಕಿದ್ದರೆ ಅದೂ ಬೇಗ ಹೋಗುತ್ತಿತ್ತು.

ಹೊಸ ಪ್ಯಾಕಿಂಗ್ ಕೂರಿಸಿ ಬೋಲ್ಟ್ ಬಿಗಿಯುವಾಗ ಜಗಳವೂ ಆಯ್ತು. "ಇನ್ನೂ ಬಿಗಿ," ಅಂತ ಅವರು, "ಸಾಕು" ಅಂತ ನಾನು. ಹೆಚ್ಚು ಬಿಗಿದರೆ ಕವರ್ ಬಾಗುತ್ತೆ, ರಬ್ಬರ್ ಹಿಂಡಿ ಹೊರಬರುತ್ತೆ. ಎಲ್ಲ ಬೋಲ್ಟನ್ನೂ ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ ಸರದಿ ಪ್ರಕಾರ ಬಿಗಿದೆವು. ಈ ಸಲ ನನ್ನ ಮಾತು ನಡೀತು. ಸೀಮೆಎಣ್ಣೆ ಬಟ್ಟೆ, ಜಿಡ್ಡು ಎಲ್ಲ ಒಂದು ಡಬ್ಬಕ್ಕೆ ಹಾಕಿ ಮುಚ್ಚಿಟ್ಟೆವು. ಬಾವಿ, ತೋಟ ಇರೋ ಕಡೆ ಅದನ್ನು ಮಣ್ಣಿಗೆ ಸುರಿಯೋ ಹಾಗಿಲ್ಲ.

ಮಂಗಳವಾರ ಪೇಟೆಗೆ ಎರಡು ಸಲ ಹೋಗಿ ಬಂದೆವು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿದರೆ ಎಣ್ಣೆ ಎರಡು ಗುರುತಿನ ನಡುವೆ ಇದ್ದಲ್ಲೇ ಇತ್ತು. ರಾತ್ರಿ ಅಪ್ಪಯ್ಯ ಹೊಸ ಹಾಳೆ ಇಟ್ಟರು. ಬೆಳಗ್ಗೆ ನಾನು ಏಳೋ ಮೊದಲೇ ಟಾರ್ಚ್ ಹಿಡಿದು ನೋಡಿ ಬಂದಿದ್ದರು. "ಒಣಗಿದೆ," ಅಂತ ಕಾಫಿ ಲೋಟದೊಳಗೇ ಹೇಳಿದರು.

ತೀರ್ಥಹಳ್ಳಿಯಿಂದ ಆಗುಂಬೆಗೆ ಸುಮಾರು 30 ಕಿ.ಮೀ. ಅಲ್ಲಿವರೆಗೆ ಅಪ್ಪಯ್ಯ ಓಡಿಸಿದರು. 'ಮಾಲ್ಗುಡಿ ಡೇಸ್' ಚಿತ್ರೀಕರಣ ನಡೆದ ದೊಡ್ಡಮನೆಯ ಊರಿನಲ್ಲಿ ಕಾಫಿ ಕುಡಿದು ಮತ್ತೆ ಗಾಡಿ ಹತ್ತುವಾಗ ಕೀ ನನ್ನ ಕೈಗಿಟ್ಟರು.

"ಇಳಿಯೋದು ನೀನು. ಹತ್ತೋದು ನಾನು."

ಯಾರೂ ಏನೂ ವಿವರಿಸಲಿಲ್ಲ. 14 ತಿರುವು. ಮುಂದಿನ ಚಕ್ರದ ಮೇಲೇ ಕೂತು ಓಡಿಸೋ ಗಾಡಿಯಲ್ಲಿ ಪ್ರತಿ ತಿರುವಿನಲ್ಲೂ ನಾವೇ ಕಣಿವೆಯ ಮೇಲೆ ತೂಗಿದ ಹಾಗೆ. "ಸೆಕೆಂಡ್ ಗೇರಲ್ಲೇ ಇಳಿಸು. ಬ್ರೇಕ್ ಮೇಲೇ ಕಾಲಿಟ್ಟು ಕೂರ್ಬೇಡ, ಕಾಯುತ್ತೆ. ಮೇಲೆ ಬರೋನಿಗೆ ಮೊದ್ಲು ದಾರಿ ಬಿಡು," ಅಂತ ಅಪ್ಪಯ್ಯ ಪಕ್ಕದಲ್ಲಿ ಹೇಳುತ್ತಿದ್ದರು. ಅಮ್ಮ ಹಿಂದೆ ಕೂತು ಕಟ್ಟೆ ಮೇಲಿನ ಮಂಗ ಎಣಿಸುತ್ತಿದ್ದರು. ಸೋಮೇಶ್ವರಕ್ಕೆ ಇಳಿದ ಮೇಲೆ ನಿಲ್ಲಿಸಿ ಸೀಟು ಎತ್ತಿ ನೋಡಿದೆವು. ವಾಸನೆ ಇಲ್ಲ, ಹನಿ ಇಲ್ಲ.

ಸಂಜೆ ವಾಪಸ್ ಬರುವಾಗ ಘಾಟಿ ಹತ್ತಿಸಿದ್ದು ಅವರೇ.

ಒಂದು ಮಾತು. ಎಲ್ಲ ಸೋರಿಕೆಯೂ ಹೀಗೆ ಮನೆಯಲ್ಲಿ ನಿಲ್ಲೋದಿಲ್ಲ. ಪೌಡರ್ ಪರೀಕ್ಷೆಯಲ್ಲಿ ಗೇರ್‌ಬಾಕ್ಸ್ ಕಡೆ ಒದ್ದೆ ಕಂಡರೆ ಗ್ಯಾರೇಜೇ ಗತಿ. ಚಕ್ರದ ಹತ್ತಿರ ಒದ್ದೆಯಿದ್ದು ಬ್ರೇಕ್ ಆಯಿಲ್ ಅನ್ನಿಸಿದರೆ ಗಾಡಿ ಅಲುಗಿಸಲೇಬೇಡಿ. ಆದರೆ ಎಂಜಿನ್ ಇಳಿಸೋ ಮೊದಲು ತೊಳೆದು ನೋಡೋದಕ್ಕೆ ಖರ್ಚೇನೂ ಇಲ್ಲ.

ಈಗ ಪ್ರತಿ ಭಾನುವಾರ ಬೆಳಗ್ಗೆ ವಾಟ್ಸಾಪಿಗೆ ಒಂದು ಫೋಟೋ ಬರುತ್ತೆ. ಅಡಿಕೆ ಹಾಳೆ, ಒಣಗಿದ್ದು, ಕೆಳಗೆ ಒಂದಕ್ಷರವೂ ಇಲ್ಲದೆ. ಹೋದ ವಾರದ ಹಾಳೆಯಲ್ಲಿ ಎರಡು ಹನಿ ಇತ್ತು. ಕೆಳಗೆ "ಯಾವಾಗ ಬರ್ತೀಯ?" ಅಂತ ಬರೆದಿದ್ದರು.

ರೈಲು ಬುಕ್ ಮಾಡಿದ್ದೇನೆ.