90 ಸೆಂ.ಮೀ. ಹಲಗೆಯ ಮೇಲೊಂದು ಮೈಸೂರು

ಮೈಸೂರಲ್ಲಿ ನೋಡೋದೇನು ಅಂತ ಕೇಳಿದರೆ ಪಟ್ಟಿ ಎಲ್ಲರಿಗೂ ಬಾಯಿಪಾಠ: ಅರಮನೆ, ಚಾಮುಂಡಿ ಬೆಟ್ಟ, ಝೂ, ಸಂಜೆಗೆ ಬೃಂದಾವನ. ರಾಮಕೃಷ್ಣನಗರದ ನಮ್ಮ ಬಾಡಿಗೆ ಮನೆಯಲ್ಲಿ, ಪುಸ್ತಕದ ಶೆಲ್ಫ್ ಮೇಲೆ ನಾನು ಕಟ್ಟುತ್ತಿರುವ ಮೈಸೂರಿನಲ್ಲಿ ಇವು ಯಾವುವೂ ಇಲ್ಲ. ಇರೋದು ಒಂದು ಹತ್ತಿ ಮಿಲ್ಲು, ಅದರ ಚಿಮಣಿ, ಹೆಂಚಿನ ಗೋದಾಮು, ಮೂರು ಸೈಡಿಂಗ್ ಹಳಿ, ಎಂಟು ಗೂಡ್ಸ್ ವ್ಯಾಗನ್, ಒಂದು ಪುಟ್ಟ ಎಂಜಿನ್. ಹಲಗೆಯ ಉದ್ದ 90 ಸೆಂ.ಮೀ., ಅಗಲ 25. ಮನೆ ಬದಲಿಸಿದರೆ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು.

ಮಾಡೆಲ್ ರೈಲು ಅಂದರೆ ಮೇಜಿನ ಮೇಲೆ ಗುಂಡಗೆ ಸುತ್ತೋದು ಎಂದೇ ಹೆಚ್ಚಿನವರ ಕಲ್ಪನೆ. ಸುತ್ತೋಕೆ ಜಾಗ ಬೇಕು, ಐದು ನಿಮಿಷ ನೋಡಿದ ಮೇಲೆ ಬೇಜಾರೂ ಆಗುತ್ತೆ. ಕಾರ್ಖಾನೆ ಸೈಡಿಂಗ್‌ನಲ್ಲಿ ರೈಲಿಗೆ ಕೆಲಸ ಇರುತ್ತೆ. ಬ್ರಿಟನ್ನಿನ ಹವ್ಯಾಸಿ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ಎಂಬ ನಕ್ಷೆ ಇದಕ್ಕೆಂದೇ ಇದೆ. ಒಂದು ಹಳಿಯಲ್ಲಿ ಐದು ವ್ಯಾಗನ್ ಹಿಡಿಸುತ್ತೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಹೋಗುವ ತುದಿಯ ಹಳಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್‌ಗೆ ಜಾಗ. ಎಂಟರಲ್ಲಿ ಐದನ್ನು ಚೀಟಿ ಎತ್ತಿ, ಚೀಟಿ ಬಂದ ಕ್ರಮದಲ್ಲೇ ಜೋಡಿಸಬೇಕು. ಹೀಗೆ ಬರಬಹುದಾದ ಕ್ರಮಗಳು 6,720. ಎರಡು ಆಫೀಸ್ ಕಾಲ್‌ಗಳ ನಡುವೆ ಒಂದಾಟ ಮುಗಿಯುತ್ತೆ, ತಲೆ ಹಗುರಾಗುತ್ತೆ.

ಅಳತೆಯ ಲೆಕ್ಕ ಸುಲಭ. ಅಂಗಡಿಯಲ್ಲಿ ಸಿಗುವ ‘ಎನ್’ ಸ್ಕೇಲ್ ಹಳಿಯ ಅಗಲ 9 ಮಿ.ಮೀ. ನಮ್ಮ ಹಳೇ ಮೀಟರ್ ಗೇಜ್ 1,000 ಮಿ.ಮೀ. ಭಾಗಿಸಿದರೆ ಸುಮಾರು 111. ಹಾಗಾಗಿ ನಾನು ಎಲ್ಲವನ್ನೂ 110ರಲ್ಲಿ ಒಂದು ಪಾಲಿಗೆ ಇಳಿಸುತ್ತೇನೆ. 165 ಸೆಂ.ಮೀ. ಎತ್ತರದ ಮನುಷ್ಯ ಇಲ್ಲಿ 15 ಮಿ.ಮೀ., 4.4 ಮೀಟರಿನ ಗೋದಾಮಿನ ಬಾಗಿಲು 4 ಸೆಂ.ಮೀ. ಗಾಲಿ, ಚಾಸಿ ರೆಡಿಮೇಡ್. ಮೇಲಿನ ಡಬ್ಬಿ ಮಾತ್ರ ದಪ್ಪ ಕಾರ್ಡ್‌ನಲ್ಲಿ ನಮ್ಮದೇ ಕೈಕೆಲಸ.

ಆದರೆ ಮೀಟರ್ ಗೇಜ್ ಈಗ ಮೈಸೂರಿನ ಲೈನುಗಳಲ್ಲಿಲ್ಲ. ನಂಜನಗೂಡಿಗೆ 1891ರಲ್ಲಿ ರೈಲು ಹೋಗಿದ್ದು ಅದೇ ಗೇಜ್‌ನಲ್ಲಿ. ಇವತ್ತು ಅಲ್ಲಿರೋದು 1,676 ಮಿ.ಮೀ. ಬ್ರಾಡ್ ಗೇಜ್. ಹಳೇದನ್ನು ಹತ್ತಿರದಿಂದ ನೋಡಬೇಕೆಂದರೆ ಸಿಎಫ್‌ಟಿಆರ್‌ಐ ಎದುರಿನ ರೈಲ್ವೆ ಮ್ಯೂಸಿಯಂಗೆ ಹೋಗಬೇಕು. 1979ರಲ್ಲಿ ಶುರುವಾದ ಜಾಗ. ಮಹಾರಾಣಿಯವರ 1899ರ ಸಲೂನ್ ಮುಂದೆ ಎಲ್ಲರೂ ಸೆಲ್ಫಿ ತೆಗೀತಿರುತ್ತಾರೆ. ನಾನು ಸ್ಟೀಮ್ ಎಂಜಿನ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ಪ್ರಿಂಗು, ರಿವಿಟ್ಟು, ಕಪ್ಲಿಂಗ್‌ಗಳ ಫೋಟೊ ತೆಗೀತಿರುತ್ತೇನೆ.

ನನ್ನ ಮಿಲ್ಲು ಕಾಲ್ಪನಿಕ. ನಂಜನಗೂಡು ಲೈನಿನಿಂದ ಒಂದು ಹಳಿ ಕವಲೊಡೆದು ಅದರ ಅಂಗಳಕ್ಕೆ ಬಂದಿದೆ ಎಂದುಕೊಂಡಿದ್ದೇನೆ. ಅದರ ನೆರೆಹೊರೆ ಮಾತ್ರ ನಿಜವಾದದ್ದು. ನಮ್ಮನೆಯಿಂದ ಕುವೆಂಪುನಗರ ದಾಟಿ ಮಾನಂದವಾಡಿ ರಸ್ತೆಗೆ ಬಂದರೆ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ. ಅಶೋಕಪುರಂನಲ್ಲಿ 1924ರ ರೈಲ್ವೆ ವರ್ಕ್‌ಶಾಪ್. ಊರಿನ ಇನ್ನೊಂದು ಕಡೆ 1937ರ ಬಣ್ಣದ ಕಾರ್ಖಾನೆ. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಯದೇ. ಬರೀ ಅರಮನೆ ಊರು ಅಂದುಕೊಂಡಿದ್ದ ಮೈಸೂರು ಸೈರನ್ ಕೂಗಿಗೆ ಏಳುತ್ತಿದ್ದ ಊರೂ ಹೌದು ಅಂತ ನನಗೆ ಕಾಣಿಸಿದ್ದು ಈ ಹಲಗೆಯಿಂದ. ವ್ಯಾಗನ್ ಒಂದನ್ನು ಹಳಿ ಮೇಲಿಟ್ಟ ತಕ್ಷಣ ಪ್ರಶ್ನೆ ಏಳುತ್ತೆ: ಇದರೊಳಗೆ ಏನಿದೆ? ಯಾರು ಇಳಿಸುತ್ತಾರೆ? ಹೊರಗೆ ಹೋಗೋದೇನು?

ಉತ್ತರ ಸಿಕ್ಕಿದ್ದು ನಮ್ಮ ಬೀದಿಯಲ್ಲೇ. ಎರಡು ಮನೆ ಆಚೆ ಇರುವ ಅಂಕಲ್ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಭಾನುವಾರ ಕಾಫಿ ಹೊತ್ತಿಗೆ ಬಂದು, ಕನ್ನಡಕ ಹಣೆಗೇರಿಸಿ ಹಲಗೆ ಮೇಲೆ ಬಗ್ಗುತ್ತಾರೆ. “ಹಳಿ ಪಕ್ಕ ಮಣ್ಣು ಇಷ್ಟು ಕೆಂಪಗಿರಲ್ಲಪ್ಪ, ಎಣ್ಣೆ ಕುಡಿದು ಕಪ್ಪಾಗಿರುತ್ತೆ” ಅಂದರು. ಬಳಸಿ ಒಣಗಿಸಿದ ಟೀ ಪುಡಿಗೆ ಕಪ್ಪು ಪೋಸ್ಟರ್ ಕಲರ್ ಬೆರೆಸಿ ಉದುರಿಸಿದೆ. ಮೇಲೆ ನೀರು ಬೆರೆಸಿದ ಫೆವಿಕಾಲ್. ಅದಕ್ಕೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದರೆ ಗುಳ್ಳೆಯಾಗಿ ನಿಲ್ಲದೆ ಚೆನ್ನಾಗಿ ಇಳಿಯುತ್ತೆ.

ಇನ್ನೊಂದು ವಾರ ಗೇಟು ನೋಡಿ, “ಸೈಕಲ್ ಎಲ್ಲಪ್ಪ? ಸೈರನ್ ಆಗಿ ಎರಡು ನಿಮಿಷಕ್ಕೆ ರೋಡೇ ಕಾಣ್ತಿರ್ಲಿಲ್ಲ, ಬರೀ ಸೈಕಲ್ಲು. ಹ್ಯಾಂಡಲ್‌ಗೆ ಒಂದೊಂದು ಟಿಫನ್ ಕ್ಯಾರಿಯರ್” ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಂಜಿನ್ ಮ್ಯೂಸಿಯಂನಲ್ಲಿ ಉಳಿದಿದೆ, ಕಟ್ಟಡದ ಇಸವಿ ಪುಸ್ತಕದಲ್ಲಿದೆ. ಆ ಎರಡು ನಿಮಿಷ ಇರೋದು ಇಂಥವರ ತಲೆಯಲ್ಲಿ ಮಾತ್ರ.

ನೀವೂ ಕಟ್ಟೋದಾದರೆ ಮೈಸೂರೇ ಆಗಬೇಕಿಲ್ಲ. ದಾವಣಗೆರೆಯವರಿಗೆ ಹತ್ತಿ ಮಿಲ್ಲುಗಳಿವೆ, ಭದ್ರಾವತಿಯವರಿಗೆ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಕೆಜಿಎಫ್‌ನವರಿಗೆ ಚಿನ್ನದ ಗಣಿ. ದುಬಾರಿ ಎಂಜಿನ್ ಆಮೇಲೆ ತಗೊಳ್ಳಿ. ಮೊದಲು ಒಂದು ಹಲಗೆ, ಎರಡು ಪಾಯಿಂಟ್, ಸ್ವಲ್ಪ ಹಳಿ ಸಾಕು. ಅದಕ್ಕೂ ಮುಂಚೆ, ಆ ಗೇಟಿನೊಳಗೆ ದುಡಿದವರು ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಅವರ ಪಕ್ಕ ಒಂದು ಗಂಟೆ ಕೂತು, ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ.

110ರ ಅಳತೆಯಲ್ಲಿ ಒಂದು ಸೈಕಲ್ 16 ಮಿ.ಮೀ. ಉದ್ದ ಬರುತ್ತೆ. ತೆಳು ತಾಮ್ರದ ತಂತಿ ಬಾಗಿಸಿ, ಟ್ವೀಜರ್‌ನಲ್ಲಿ ಹಿಡಿದು ಅಂಟಿಸಬೇಕು. ರಾತ್ರಿಗೆ ಎರಡಾದರೆ ಹೆಚ್ಚು. ಇದುವರೆಗೆ ಹದಿನೇಳು ಆಗಿವೆ. ಅಂಕಲ್ ಮುಂದಿನ ತಿಂಗಳು ಮಗಳ ಜೊತೆ ಇರೋಕೆ ಪುಣೆಗೆ ಹೊರಟಿದ್ದಾರೆ, ಮನೆಯನ್ನೂ ಬಾಡಿಗೆಗೆ ಕೊಡ್ತಾರಂತೆ. ಅಷ್ಟರೊಳಗೆ ನಲವತ್ತಾದರೂ ಆಗಬೇಕು.