ಅತ್ತೆಯ ಜೊತೆ ಸಿಂಗಪುರಕ್ಕೆ

ಸಿಂಗಪುರಕ್ಕೆ ಹೋಗಿಬಂದೆವು ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ರಸ್ತೆಯೊಂದರಲ್ಲೇ ಆರು ಮನೆಯವರು ಹೋಗಿ ಬಂದಿದ್ದಾರೆ. ಬಂದವರೆಲ್ಲ ಆ ಸಿಂಹದ ಮುಖದ ಮೀನಿನ ಮುಂದೆ ಬಾಯಿ ತೆರೆದು, ಅದು ಉಗುಳುವ ನೀರನ್ನು ತಾವೇ ಕುಡಿಯುತ್ತಿರುವಂತೆ ತೆಗೆಸಿಕೊಂಡ ಫೋಟೋ ತೋರಿಸಿದ್ದಾರೆ. ನಾನೂ ತೆಗೆಸಿಕೊಂಡೆ, ಸುಳ್ಳೇಕೆ ಹೇಳಲಿ! ಆದರೆ ಸೋದರಿಯರೇ, ಇವತ್ತು ನಾನು ಬರೆಯಲು ಕುಳಿತಿದ್ದು ಆ ಮೀನಿನ ವಿಷಯವಲ್ಲ. ನಮ್ಮ ಅತ್ತೆಯ ವಿಷಯ, ಜೊತೆಗೆ ನನ್ನ ಮನಸ್ಸಿನಲ್ಲಿದ್ದ ಒಂದು ಸಣ್ಣತನದ ವಿಷಯ.

2024ರ ಬೇಸಿಗೆ. ಮಗ ಹತ್ತನೇ ತರಗತಿ ಮುಗಿಸಿದ್ದ. ಅವನ ಸ್ನೇಹಿತರೆಲ್ಲ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಆಟದ ಊರನ್ನು ನೋಡಿ ಬಂದವರು. ಇವನಿಗೂ ಅದೇ ಜಪ. ನಮ್ಮ ರಸ್ತೆಯ ಹೆಂಗಸರ ಚೀಟಿಯಲ್ಲಿ ನನ್ನ ಸರದಿ ಬಂದಿತ್ತು. ಆ ದುಡ್ಡನ್ನು ಅಡುಗೆಮನೆಯ ಕಟ್ಟೆಗೆಂದು ಎತ್ತಿಟ್ಟಿದ್ದೆ. ಇಪ್ಪತ್ತೊಂದು ವರ್ಷದಿಂದ ಅದೇ ಬಿರುಕು ಬಿಟ್ಟ ಕಡಪ ಕಲ್ಲಿನ ಮೇಲೆ ಚಪಾತಿ ಲಟ್ಟಿಸುತ್ತಿದ್ದೇನೆ. ಕಡೆಗೆ ಯಜಮಾನರ ಉಳಿತಾಯಕ್ಕೆ ನನ್ನ ಚೀಟಿ ಸೇರಿಸಿದರೆ ಮೂರು ಜನ ಹೋಗಿಬರಬಹುದು ಎಂದು ಲೆಕ್ಕವಾಯಿತು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಟ್ರಾವೆಲ್ಸ್‌ನವರು ಏಳು ದಿನದಲ್ಲಿ ಸಿಂಗಪುರ, ಮಲೇಶಿಯಾ ಎರಡನ್ನೂ ತೋರಿಸುತ್ತೇವೆ, ತಲೆಗೆ ಒಂದು ಲಕ್ಷದ ಹತ್ತು ಸಾವಿರ ಎಂದರು. (ಅದರ ಮೇಲೆ ನೂರಕ್ಕೆ ಐದರಂತೆ ಟಿ.ಸಿ.ಎಸ್. ಅಂತ ಆ ವರ್ಷ ಹಿಡಿದುಕೊಳ್ಳುತ್ತಿದ್ದರು. ಅದು ಹೋದ ದುಡ್ಡಲ್ಲ. ಆದಾಯ ತೆರಿಗೆಯ ರಿಟರ್ನ್ಸ್ ಹಾಕುವಾಗ ತೋರಿಸಿದರೆ ಲೆಕ್ಕಕ್ಕೆ ಬರುತ್ತದೆ. ರಸೀದಿ ಜೋಪಾನ ಮಾಡಿಕೊಳ್ಳಿ.)

ಮೂರು ಜನ ಎಂದೆನಲ್ಲ, ಸಣ್ಣತನ ಅಲ್ಲೇ ಇದ್ದಿದ್ದು. ಮನೆಯಲ್ಲಿ ಇರುವುದು ನಾಲ್ಕು ಜನ. ಅತ್ತೆಗೆ ಎಪ್ಪತ್ತೊಂದು, ಮಂಡಿನೋವು, ಮಡಿ ಮೈಲಿಗೆ. ಅವರನ್ನು ಮೈಸೂರಿನ ನಾದಿನಿಯ ಮನೆಯಲ್ಲಿ ಒಂದು ವಾರ ಬಿಡೋಣ ಎಂದು ನಾನೇ ಇವರ ಕಿವಿಯಲ್ಲಿ ಹೇಳಿದ್ದೆ. ಮದುವೆಯಾದಾಗಿನಿಂದ ಒಂದು ದಿನವೂ ಅತ್ತೆಯ ಕಾಫಿ, ಅತ್ತೆಯ ಮಾತ್ರೆ, ಅತ್ತೆಯ ಏಕಾದಶಿ ಇಲ್ಲದ ಬೆಳಗು ನಾನು ಕಂಡಿರಲಿಲ್ಲ. ಒಂದೇ ಒಂದು ವಾರ ಯಾರ ಸೊಸೆಯೂ ಆಗಿರದೆ ಇರಬೇಕು ಅಂತ ಆಸೆ. ತಪ್ಪೇ? ನೀವೇ ಹೇಳಿ.

ಗೋಡೆಗೂ ಕಿವಿ ಇರುತ್ತದಂತೆ. ಮರುದಿನ ಬೆಳಿಗ್ಗೆ ಅತ್ತೆ ಬ್ಯಾಂಕಿನ ಒಂದು ಎಫ್.ಡಿ. ರಸೀದಿ ತಂದು ಊಟದ ಮೇಜಿನ ಮೇಲಿಟ್ಟು, "ನನ್ನ ಟಿಕೇಟು ನಾನೇ ತಗೋತೀನಪ್ಪ. ನನಗೋಸ್ಕರ ಯಾರೂ ಕೈ ಕಟ್ಕೋಬೇಡಿ. ಅಲ್ಲಿ ಮಾರಿಯಮ್ಮನ ಗುಡಿ ಇದೆಯಂತಲ್ಲ, ಅದೊಂದು ನೋಡಿದ್ರೆ ಸಾಕು ನನಗೆ" ಎಂದರು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಬೇಕಿತ್ತು ಅನಿಸಿತು.

ಏಪ್ರಿಲ್ 26ಕ್ಕೆ ಲೋಕಸಭೆಗೆ ವೋಟು ಹಾಕಿ, ಮೇ ಮೊದಲ ವಾರ ಹೊರಟೆವು. ಹೊರಡುವ ಹಿಂದಿನ ರಾತ್ರಿಯೇ ಒಂದು ಜಟಾಪಟಿ ನಡೆಯಿತು. ಅತ್ತೆ ಮಂಡಿನೋವಿಗೆಂದು ಒಂದು ಡಬ್ಬ ಅಂಟಿನುಂಡೆ ಕಟ್ಟಿಟ್ಟಿದ್ದರು. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಗಸಗಸೆ ಒಯ್ಯಬಾರದು. ಸಿಂಗಪುರದಲ್ಲಿ ಗಸಗಸೆಗೆ ನಿಷೇಧ, ಮಾದಕ ವಸ್ತುವಿನ ಕಾನೂನಿನಲ್ಲಿ ಅದೂ ಸೇರಿದೆ. ನಮ್ಮ ಪಾಯಸದ ಗಸಗಸೆ! ಅಂಟಿನುಂಡೆಯಲ್ಲಿ ಅದು ಇದ್ದೇ ಇರುತ್ತದಲ್ಲ. "ನಮ್ಮಜ್ಜಿ ಕಾಲದಿಂದ ಬಾಣಂತೀರಿಗೆ ಕೊಡ್ತಿರೋ ಉಂಡೆ ಕಣೇ ಇದು, ಅದಕ್ಕೆ ಪೋಲೀಸರು ಹಿಡೀತಾರಾ?" ಎಂದು ಅತ್ತೆ ಕೂಗಾಡಿದರು. ಕೊನೆಗೆ ಡಬ್ಬ ಪಕ್ಕದ ಮನೆಗೆ ಹೋಯಿತು. ನಿಮ್ಮಲ್ಲಿ ಯಾರಾದರೂ ಹೊರಡುವವರಿದ್ದರೆ ಮಸಾಲೆ ಪುಡಿ, ಉಂಡೆ, ಬರ್ಫಿಗಳಲ್ಲಿ ಗಸಗಸೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಅಗಿಯುವ ಚ್ಯೂಯಿಂಗ್ ಗಮ್ಮೂ ಅಲ್ಲಿ 1992ರಿಂದ ನಿಷಿದ್ಧ. ನಾನು ಒಯ್ದಿದ್ದು ಚಟ್ನಿಪುಡಿ, ಕೋಡುಬಳೆ, ಮತ್ತು ತರಿಯಾಗಿ ಪುಡಿಮಾಡಿದ ಗಟ್ಟಿ ಅವಲಕ್ಕಿಗೆ ಹುಣಿಸೆಹುಳಿಯ ಪುಡಿ, ಬೆಲ್ಲ, ಸಾರಿನಪುಡಿ, ಕೊಬ್ಬರಿ, ಒಗ್ಗರಣೆ ಎಲ್ಲ ಬೆರೆಸಿಟ್ಟ ಒಣ ಗೊಜ್ಜವಲಕ್ಕಿ. ಹೋಟೆಲಿನ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು, ಮಡಿಯವರಿಗೂ ರಾತ್ರಿಯ ಫಲಾಹಾರ ಸಿದ್ಧ.

ವಿಮಾನದಲ್ಲಿ ನಾಲ್ಕೂವರೆ ಗಂಟೆ. ನಮ್ಮ ಗಡಿಯಾರಕ್ಕಿಂತ ಅವರದು ಎರಡೂವರೆ ಗಂಟೆ ಮುಂದೆ. ಇಳಿದ ದಿನವೇ ಆ ಸಿಂಹಮೀನಿನ ದರ್ಶನ. 1972ರಲ್ಲಿ ನಿಲ್ಲಿಸಿದ ವಿಗ್ರಹವಂತೆ, ಎಂಟೂವರೆ ಮೀಟರಿಗೂ ಮೀರಿದ ಎತ್ತರ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅತ್ತೆ ಮಾತ್ರ, "ಈ ನೀರು ಇಡೀ ದಿನ ಹೀಗೇ ಬೀಳ್ತಿರತ್ತಾ?" ಎಂದು ಕೇಳಿದರು. ಆ ಬೇಸಿಗೆ ನಮ್ಮ ಬೆಂಗಳೂರಿನ ಪಾಡು ನಿಮಗೆ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಫೋನು ಮಾಡಿ ಮಾಡಿ ಬೆರಳು ಸವೆದಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದು ತುಳಸಿಗೆ ಹಾಕುತ್ತಿದ್ದವರು ನಾವು. ಮೀನು ನೀರು ಉಗುಳುವುದನ್ನು ನೋಡಿ ಅತ್ತೆಗೆ ಸಂಕಟವೇ ಆಯಿತು.

ಮಾರಿಯಮ್ಮನ ಗುಡಿ ಇರುವುದು ಚೈನಾಟೌನಿನಲ್ಲಿ, ಸೌತ್ ಬ್ರಿಡ್ಜ್ ರಸ್ತೆಯಲ್ಲಿ. 1827ರಲ್ಲಿ ಕಟ್ಟಿದ್ದು, ಆ ಊರಿನ ಹಿಂದೂ ದೇವಸ್ಥಾನಗಳಲ್ಲೆಲ್ಲ ಹಳೆಯದು. ಅದೇ ರಸ್ತೆಯಲ್ಲಿ ಮಸೀದಿಯೂ ಇದೆ, ಬುದ್ಧನ ದಂತವನ್ನಿಟ್ಟ ಕೆಂಪು ಬಣ್ಣದ ದೊಡ್ಡ ಮಂದಿರವೂ ಇದೆ. ನಮ್ಮ ಗೈಡ್ ಕೊಟ್ಟದ್ದು ಇಪ್ಪತ್ತೈದೇ ನಿಮಿಷ. (ಆಟದ ಊರಿಗೆ ಇಡೀ ದಿನ, ದೇವರಿಗೆ ಇಪ್ಪತ್ತೈದು ನಿಮಿಷ! ಇಂಥ ಪ್ರವಾಸಗಳೆಲ್ಲ ಹೀಗೇ ಎಂದು ಕಾಣುತ್ತದೆ.) ಒಳಗೆ ಒಂದು ಗುಡಿಯ ಮುಂದೆ ಅತ್ತೆ ನಿಂತುಬಿಟ್ಟರು. "ಇದು ಯಾರು?" ಎಂದು ಕೇಳಿದರೆ ಅಲ್ಲಿದ್ದ ಹೆಂಗಸು ತಮಿಳಿನಲ್ಲಿ ದ್ರೌಪದಿ ಎಂದರು. ದೀಪಾವಳಿಗೆ ಸ್ವಲ್ಪ ಮುಂಚೆ ಪ್ರತಿ ವರ್ಷ ಅಲ್ಲಿ ದ್ರೌಪದಿಯ ಹೆಸರಿನಲ್ಲಿ ಕೆಂಡ ಹಾಯುತ್ತಾರಂತೆ. ಅತ್ತೆಯ ತವರು ನಗರ್ತಪೇಟೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ನೋಡಿಕೊಂಡು ಬೆಳೆದವರು. ನಮ್ಮ ಕರಗದಮ್ಮನೂ ದ್ರೌಪದಿಯೇ ತಾನೆ? "ಇಷ್ಟು ದೂರ ಬಂದು ಕೂತಿದಾಳೆ ನೋಡೇ ನಮ್ಮವ್ವ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಇಪ್ಪತ್ತೈದು ನಿಮಿಷ ಮುಗಿಯಿತೆಂದು ಗೈಡ್ ಬಾವುಟ ಅಲ್ಲಾಡಿಸುತ್ತಿದ್ದ. ಆಗ ಮೊದಲ ಬಾರಿಗೆ ನನಗೆ ನಾಚಿಕೆಯಾಯಿತು. ಇವರನ್ನೇ ಅಲ್ಲವೇ ನಾನು ಮೈಸೂರಿನಲ್ಲಿ ಬಿಡಬೇಕೆಂದಿದ್ದು?

ಮರುದಿನ ಸೆಂಟೋಸಾ ದ್ವೀಪ. ಯೂನಿವರ್ಸಲ್ ಸ್ಟುಡಿಯೋಸ್ ಅಲ್ಲಿ 2010ರಲ್ಲಿ ತೆರೆದದ್ದು. ಮಗನಿಗೂ ಇವರಿಗೂ ಮೈಮೇಲೆ ದೇವರು ಬಂದಂತಾಯಿತು. ನಾನು ಯಥಾಪ್ರಕಾರ ಬೆಂಚು ಹುಡುಕಿದೆ. ಇದು ನನ್ನ ಹಳೆಯ ಉದ್ಯೋಗ. ಬಿಡದಿ ಹತ್ತಿರದ ವಂಡರ್‌ಲಾಕ್ಕೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಚೀಲ, ಚಪ್ಪಲಿ, ನೀರಿನ ಬಾಟಲಿ ಕಾಯ್ದಿದ್ದೇನೆ. ಎಲ್ಲ ಆಟದ ಜಾಗಗಳಲ್ಲೂ ಬೆಂಚುಗಳ ಮೇಲೆ ನಮ್ಮಂಥವರೇ ಇರುತ್ತಾರೆ, ಗಮನಿಸಿ. ಸಿಂಗಪುರದಲ್ಲೂ ಇದ್ದರು, ಚೀನೀ ತಾಯಂದಿರು, ಗುಜರಾತಿ ತಾಯಂದಿರು, ಎಲ್ಲರ ಮಡಿಲಲ್ಲೂ ಚೀಲ.

ಬೆಳಿಗ್ಗೆಯೆಲ್ಲ ನಾನೂ ಅತ್ತೆಯೂ ಹಾಗೆ ಕುಳಿತೆವು. ಹನ್ನೆರಡರ ಹೊತ್ತಿಗೆ ಡೈನೋಸಾರ್‌ಗಳ ಭಾಗಕ್ಕೆ ಬಂದಾಗ ಅತ್ತೆ ಇದ್ದಕ್ಕಿದ್ದಂತೆ, "ನೀನೂ ಹೋಗೇ" ಎಂದರು.

"ನನಗ್ಯಾಕೆ ಅತ್ತೆ ಅದೆಲ್ಲ. ಚೀಲ ಯಾರು ನೋಡ್ಕೋತಾರೆ?"

"ನಾನಿಲ್ವಾ? ನಿನ್ನ ಚೀಟಿ ದುಡ್ಡಲ್ಲೇ ತಾನೆ ಬಂದಿರೋದು. ಕಡಪ ಕಲ್ಲು ಹಾಗೇ ಇದೆ, ಇಲ್ಲೂ ಕಲ್ಲಿನ ಹಾಗೆ ಕೂತಿದೀಯ. ಹೋಗು."

ಅಂದರೆ, ಚೀಟಿಯ ವಿಷಯವೂ ಗೊತ್ತಿತ್ತು, ಕಟ್ಟೆಯ ವಿಷಯವೂ ಗೊತ್ತಿತ್ತು! ಮೈಸೂರಿನ ವಿಷಯವಂತೂ ಗೊತ್ತೇ ಇತ್ತು.

ಹೋದೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ದುಂಡನೆಯ ತೆಪ್ಪದಲ್ಲಿ ಕುಳಿತೆವು, ಹೊಗೇನಕಲ್ಲಿನ ಹರಿಗೋಲಿನ ಹಾಗೇ, ಆದರೆ ಸೊಂಟಕ್ಕೆ ಪಟ್ಟಿ. ಮೊದಲು ಹಸಿರು ಕಾಡು, ಸೌಮ್ಯವಾದ ಪ್ರಾಣಿಗಳು. ಆಮೇಲೆ ಕತ್ತಲ ಕಟ್ಟಡದೊಳಗೆ ನುಗ್ಗಿ, ತೆಪ್ಪ ಸಮೇತ ನಮ್ಮನ್ನು ಲಿಫ್ಟಿನಲ್ಲಿ ಏರಿಸಿದಂತೆ ಮೇಲಕ್ಕೆ ಎತ್ತಿ, ರಾಕ್ಷಸ ಡೈನೋಸಾರ್ ಮುಖದ ಹತ್ತಿರ ಅಬ್ಬರಿಸಿ, ಬಾಗಿಲು ತೆರೆದು ಕೆಳಕ್ಕೆ ಬಿಟ್ಟರು ನೋಡಿ, ನಾನು ಕೂಗಿದ್ದು ಏನೆಂದು ಮಗ ಇವತ್ತಿಗೂ ಅಣಕಿಸುತ್ತಾನೆ. "ಅಯ್ಯೋ ಅತ್ತೇ" ಎಂದು ಕೂಗಿದೆನಂತೆ! ತಲೆಯಿಂದ ಕಾಲಿನವರೆಗೆ ತೊಯ್ದು, ನಗುತ್ತಾ ನಗುತ್ತಾ ಹೊರಗೆ ಬಂದರೆ ಬೆಂಚು ಖಾಲಿ.

ಅತ್ತೆ ಇಲ್ಲ. ಚೀಲಗಳೂ ಇಲ್ಲ.

ಮೊದಲು ಬಚ್ಚಲಮನೆಗೆ ಹೋಗಿರಬಹುದು ಎಂದುಕೊಂಡೆವು. ಅಲ್ಲಿಲ್ಲ. ಅವರ ಫೋನಿಗೆ ನಮ್ಮೂರಿನ ಸಿಮ್ಮೇ ಇದ್ದದ್ದರಿಂದ ಅದು ಕೆಲಸಕ್ಕೆ ಬಾರದು. ಪಾಸ್‌ಪೋರ್ಟುಗಳೆಲ್ಲ ಆ ಚೀಲದಲ್ಲಿ. ಇಂಗ್ಲಿಷ್ ಬಾರದು, ಹೋಟೆಲಿನ ಹೆಸರು ನೆನಪಿರದು. ಇವರು ಒಂದು ಕಡೆ, ಮಗ ಒಂದು ಕಡೆ ಓಡಿದರು. ನಾನು ಒದ್ದೆ ಚೂಡಿದಾರದಲ್ಲಿ ನಡುಗುತ್ತಾ ಬೆಂಚಿನ ಹತ್ತಿರವೇ ನಿಂತೆ. ಏನೇನು ಯೋಚನೆ ಬಂತೆಂದು ಎಲ್ಲ ಬರೆಯಲಾರೆ. ಅವರು ಇಲ್ಲದ ಒಂದು ವಾರ ಬೇಕು ಅಂದವಳು ನಾನು. ಅಲ್ಲಿ ನಿಂತು ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪದ ಹರಕೆ ಹೊತ್ತೆ. ಸಮವಸ್ತ್ರದ ಹುಡುಗಿಯೊಬ್ಬಳಿಗೆ ನನ್ನ ಹರುಕು ಇಂಗ್ಲಿಷಿನಲ್ಲಿ ಹಸಿರು ಸೀರೆ, ಬಿಳಿ ಕೂದಲು ಎಂದು ಹೇಳಿದೆ. ಅವಳು ಕೈಯಲ್ಲಿದ್ದ ಯಂತ್ರದಲ್ಲಿ ಯಾರಿಗೋ ಹೇಳಿದಳು.

ನಲವತ್ತು ನಿಮಿಷದ ಮೇಲೆ, ಪಕ್ಕದ ದೊಡ್ಡ ಬಯಲು ರಂಗಮಂದಿರದಿಂದ ಜನ ಹೊರಬಿದ್ದರು. ಅಲ್ಲಿ ನೀರಿನ ಮೇಲೆ ದೋಣಿಗಳ ಕಾಳಗ, ಬೆಂಕಿ, ಸಿಡಿತ ತೋರಿಸುವ ವಾಟರ್‌ವರ್ಲ್ಡ್ ಎಂಬ ಪ್ರದರ್ಶನ. ಜನರ ನಡುವೆ ನಮ್ಮ ಅತ್ತೆ! ನಾಲ್ಕು ಚೀಲ ಹೊತ್ತು, ನನಗಿಂತಲೂ ಹೆಚ್ಚು ತೊಯ್ದು, ಮುಖವರಳಿಸಿಕೊಂಡು ಬರುತ್ತಿದ್ದಾರೆ.

"ಎಲ್ಲರೂ ಸಾಲಾಗಿ ಒಳಗೆ ಹೋಗ್ತಿದ್ರು ಕಣೇ. ಎಷ್ಟು ಹೊತ್ತೂಂತ ಬೆಂಚು ಕಾಯೋದು? ನಾನೂ ಹೋದೆ. ಮುಂದಿನ ಸಾಲೇ ಖಾಲಿ ಇತ್ತು, ಕೂತೆ. ಯಾಕೆ ಖಾಲಿ ಅಂತ ಆಮೇಲೆ ಗೊತ್ತಾಯ್ತು, ಬಕೆಟ್‌ಗಟ್ಟಲೆ ನೀರು ಎರಚಿದ್ರು! ಕೊನೇಲಿ ಒಂದು ವಿಮಾನ ಗೋಡೆ ಹಾರಿ ಬಂದು ನೀರಿಗೆ ಬಿತ್ತು. ವಿಮಾನ!"

ನಾನು ಅವರನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಕಾಲು ಮುಟ್ಟಿದ್ದೆನೇ ಹೊರತು ತಬ್ಬಿಕೊಂಡಿರಲಿಲ್ಲ. "ಮೈಸೂರಿಗೆ ಕಳಿಸಬೇಕೂಂತ ನಾನೇ ಹೇಳಿದ್ದು ಅತ್ತೆ" ಎಂದೆ. "ಗೊತ್ತು ಬಿಡೇ" ಎಂದರು. "ನಮ್ಮತ್ತೇನ ಬಿಟ್ಟು ಧರ್ಮಸ್ಥಳಕ್ಕೆ ಹೋಗಬೇಕೂಂತ ನಾನೂ ನಿಮ್ಮ ಮಾವನಿಗೆ ಹೇಳಿದ್ದೆ. ಅವರು ಕರ್ಕೊಂಡು ಹೋಗಲಿಲ್ಲ, ಅಷ್ಟೇ."

(ಹಿರಿಯರನ್ನು ಕರೆದೊಯ್ಯುವವರು ಹೋಟೆಲಿನ ವಿಳಾಸದ ಚೀಟಿಯನ್ನು ಅವರ ಸೆರಗಿಗೆ ಪಿನ್ನು ಹಾಕಿಯಾದರೂ ಕೊಡಿ. ಪಾಸ್‌ಪೋರ್ಟು ಅವರವರ ಬಳಿಯೇ ಇರಲಿ. ನಾನು ಪಟ್ಟ ಪಾಡು ನಿಮಗೆ ಬೇಡ.)

ಆ ರಾತ್ರಿ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂ.ಟಿ.ಆರ್. ಬೋರ್ಡು ಕಂಡಾಗ ತವರುಮನೆ ಕಂಡಷ್ಟು ಹಿಗ್ಗು. 2013ರಿಂದ ಅಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಯ ಅಭಾವವಾದಾಗ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನವರು ಮಾಡಿದ ರವೆ ಇಡ್ಲಿಯನ್ನು ಸಿಂಗಪುರದಲ್ಲಿ ಕುಳಿತು ತಿಂದೆವು. ನಮ್ಮ ರೂಪಾಯಿಗೆ ಲೆಕ್ಕ ಹಾಕಬೇಡಿ, ಗಂಟಲಲ್ಲಿ ಇಳಿಯುವುದಿಲ್ಲ!

ಮಲೇಶಿಯಾಕ್ಕೆ ಬಸ್ಸಿನಲ್ಲಿ ಹೋದೆವು. ಭಾರತೀಯರಿಗೆ 2023ರ ಡಿಸೆಂಬರಿನಿಂದ ಅಲ್ಲಿ ವೀಸಾ ವಿನಾಯಿತಿ ಕೊಟ್ಟಿದ್ದರು. ಎರಡು ದೇಶಗಳ ನಡುವೆ ಸಮುದ್ರದ ಮೇಲೆ ಒಂದು ಕಿಲೋಮೀಟರಿಗೆ ಸ್ವಲ್ಪ ಮೇಲಿನ ಕಟ್ಟೆರಸ್ತೆ, 1924ರಲ್ಲಿ ಮುಗಿಸಿದ್ದು. ಅದರ ಪಕ್ಕದಲ್ಲೇ ಆಳೆತ್ತರದ ಕೊಳವೆಗಳು ಸಾಗುತ್ತವೆ. ಸಿಂಗಪುರಕ್ಕೆ ಮಲೇಶಿಯಾದ ಜೋಹೋರ್ ನದಿಯ ನೀರು ಬರುವುದು ಅದರಲ್ಲೇ. 1962ರ ಒಪ್ಪಂದ, 2061ರವರೆಗೆ. ಬೆಲೆಯ ವಿಷಯದಲ್ಲಿ ಇಬ್ಬರಿಗೂ ಆಗಾಗ ಜಗಳವಂತೆ. ಅದು ಸಾಲದೆ ಮಳೆನೀರು ಹಿಡಿಯುತ್ತಾರೆ, ಬಳಸಿದ ನೀರನ್ನೇ ಶುದ್ಧಮಾಡಿ 2003ರಿಂದ ಮತ್ತೆ ಉಪಯೋಗಿಸುತ್ತಾರೆ. ನೂರು ಕಿಲೋಮೀಟರಿನಿಂದ ಕಾವೇರಿ ಬರಬೇಕೆಂದು ಕಾಯುವ ನಮಗೆ ಇದು ಬೇಗ ಅರ್ಥವಾಯಿತು. "ಪಾಪ, ಇವರೂ ಪಕ್ಕದ ಮನೆ ನಲ್ಲಿ ನಂಬ್ಕೊಂಡೋರೇ" ಎಂದು ಅತ್ತೆ ಕಿಟಕಿಯಿಂದ ಕೊಳವೆಗಳನ್ನೇ ನೋಡಿದರು. ಸಿಂಹಮೀನಿನ ಮೇಲಿದ್ದ ಕೋಪ ಅಲ್ಲಿಗೆ ಇಳಿಯಿತು.

ಕ್ವಾಲಾಲಂಪುರದ ಹತ್ತಿರದ ಬಾಟು ಗುಹೆಗಳ ಮುಂದೆ 42.7 ಮೀಟರ್ ಎತ್ತರದ ಚಿನ್ನದ ಬಣ್ಣದ ಸುಬ್ರಹ್ಮಣ್ಯ ನಿಂತಿದ್ದಾನೆ, 2006ರಿಂದ. ಗುಹೆಗೆ 272 ಮೆಟ್ಟಿಲು. 2018ರಲ್ಲಿ ಮೆಟ್ಟಿಲಿಗೆಲ್ಲ ಕಾಮನಬಿಲ್ಲಿನ ಬಣ್ಣ ಬಳಿದಿದ್ದಾರೆ. ಅತ್ತೆಯ ಮಂಡಿಗೆ ಅದು ಆಗದ ಮಾತು. ಈ ಸಲ ಚೀಲಗಳನ್ನು ಯಜಮಾನರ ಕೊರಳಿಗೆ ಹಾಕಿ, ಅಮ್ಮನ ಪಕ್ಕ ಕೂರಿಸಿ, ಮಗನ ಜೊತೆ ನಾನು ಹತ್ತಿದೆ. ಕೋತಿಗಳ ಕಾಟ ವಿಪರೀತ. ಕೈಯಲ್ಲಿ ತಿಂಡಿ ಹಿಡಿದು ಹತ್ತಬೇಡಿ. ಮೇಲೆ ಗುಹೆಯ ಸೂರಿನ ಬಿರುಕಿನಿಂದ ಬೆಳಕು ಬೀಳುತ್ತದೆ. ಅತ್ತೆಯ ಹೆಸರು, ನಕ್ಷತ್ರ ಹೇಳಿ ಕೈಮುಗಿದು, ವಿಭೂತಿ ತಂದು ಅವರ ಮಂಡಿಗೆ ನಾನೇ ಹಚ್ಚಿದೆ.

ಮನೆಗೆ ಬಂದ ದಿನ ನಲ್ಲಿಯಲ್ಲಿ ನೀರಿರಲಿಲ್ಲ. ಸಂಪಿನ ತಳದಲ್ಲಿದ್ದುದನ್ನು ಮೊಗೆದು ಕಾಫಿಗಿಟ್ಟೆ. ಹರಕೆಯ ನಿಂಬೆದೀಪವನ್ನು ಆ ಶುಕ್ರವಾರವೇ ಹಚ್ಚಿ ಬಂದೆವು, ಇಬ್ಬರೂ. ಕಡಪ ಕಲ್ಲು ಈಗಲೂ ಹಾಗೇ ಇದೆ. ಹೊಸ ಚೀಟಿಗೆ ಸೇರಿದ್ದೇನೆ. ಅತ್ತೆಯೂ ತಮ್ಮ ಪಿಂಚಣಿಯಿಂದ ಒಂದು ಪಾಲು ಸೇರಿದ್ದಾರೆ. ಜಪಾನಿನಲ್ಲೂ ಅಂಥ ವಿಮಾನ ಬೀಳುವ ಆಟ ಇದೆಯೆಂದು ಮೊಮ್ಮಗ ಅವರಿಗೆ ಹೇಳಿಬಿಟ್ಟಿದ್ದಾನೆ.