ತಲೆಯ ಅಳತೆ

ನಮ್ಮ ಹೊಸೂರು ಕಡೆಯ ರಸ್ತೆಗಳ ಬದಿಯಲ್ಲಿ ಪೊಲೀಸರು ಬರೆಸಿದ ಒಂದು ತಮಿಳು ಮಾತು ಕಾಣಸಿಗುತ್ತದೆ: ‘ತಲೈಕ್ಕವಸಂ, ಉಯಿರ್‌ಕ್ಕವಸಂ’. ತಲೆಯ ಕವಚವೇ ಪ್ರಾಣದ ಕವಚ ಎಂದು ಅರ್ಥ. ಕನ್ನಡದಲ್ಲಿ ಬರೆಯುವಾಗ ನಾವು ಶಿರಸ್ತ್ರಾಣ ಎನ್ನುತ್ತೇವೆ, ಮಾತಾಡುವಾಗ ಹೆಲ್ಮೆಟ್ ಎನ್ನುತ್ತೇವೆ. ಶಿರಸ್ತ್ರಾಣ ಎಂದ ಕೂಡಲೆ ಮಹಾಭಾರತದ ಯಾವನೋ ಸೇನಾಪತಿ ಕಣ್ಣ ಮುಂದೆ ಬರುವುದರಿಂದ ನಾನು ಹೆಲ್ಮೆಟ್ ಎಂದೇ ಬರೆಯುತ್ತೇನೆ. ನಾನು ಹೇಳಹೊರಟಿರುವುದು ಸೇನಾಪತಿಯ ವಿಷಯವಲ್ಲ. ಅಕ್ಕನ ಮಗನ ವಿಷಯ, ಅವನ ತಲೆಯ ವಿಷಯ.

ಅಕ್ಕ ಇರುವುದು ತೊರಪಲ್ಲಿ ಅಗ್ರಹಾರದಲ್ಲಿ. ಕಾಸರಗೋಡಿನ ಓದುಗರಿಗೆ ಈ ಊರಿನ ಹೆಸರು ಹೊಸದಾಗಿರಬಹುದು, ಆದರೆ ಇಲ್ಲಿ ಹುಟ್ಟಿದವರ ಹೆಸರು ಹೊಸದಲ್ಲ. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ್ದು ಇದೇ ಊರಿನಲ್ಲಿ. ಆ ಮನೆ ಈಗ ಸ್ಮಾರಕವಾಗಿದೆ. ಇಲ್ಲಿಂದ ಹೊರಟ ಆ ಹುಡುಗ ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ. ಇಂದಿಗೂ ನಮ್ಮ ಕಡೆಯ ಹುಡುಗರಿಗೆ ಬೆಂಗಳೂರೇ ಹತ್ತಿರ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿತು, ನಮ್ಮ ಹೊಸೂರು ಮದರಾಸಿನಲ್ಲೇ ಉಳಿಯಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದ್ದೇವೆ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಕಾರ್ಖಾನೆಯ ಕಾಗದದಲ್ಲಿ ಇಂಗ್ಲಿಷು. ಗಡಿನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ಊರಿನ ಹುಡುಗನಿಗೆ ಕಾರ್ ರೇಸಿನ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಬರದೆ ಇದ್ದಿದ್ದರೇ ಆಶ್ಚರ್ಯ. ಹೊಸೂರಿನಲ್ಲಿ ಟಿವಿಎಸ್ ಮೋಟಾರ್ ಕಾರ್ಖಾನೆಯಿದೆ, ಆ ಕಂಪೆನಿಯ ರೇಸಿಂಗ್ ತಂಡ 1982ರಿಂದ ಇದೆ. ಯುದ್ಧಕಾಲದ ವಿಮಾನಪಟ್ಟಿಯಾಗಿದ್ದ ಶೋಳವರಂನಲ್ಲಿ ಮದರಾಸಿನವರು ಹಿಂದೆ ರೇಸು ನಡೆಸುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಅದಕ್ಕೆಂದೇ ಓಟದ ಹಾದಿ ಸಿದ್ಧವಾಯಿತು. ನಮ್ಮೂರ ಹೆದ್ದಾರಿಯಲ್ಲಿ ಕೃಷ್ಣಗಿರಿಗೆ ಹೋಗಿ ಚೆನ್ನೈ ದಾರಿ ಹಿಡಿದರೆ ಶ್ರೀಪೆರಂಬುದೂರು ದಾಟಿದ ಮೇಲೆ ಆ ಊರು ಸಿಗುತ್ತದೆ. ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಎಂಬವರು ಸ್ವತಃ ರೇಸ್ ಕಾರುಗಳನ್ನು ರೂಪಿಸಿ ಹುಡುಗರಿಗೆ ದಾರಿ ಮಾಡಿಕೊಟ್ಟರು. 1995ರಲ್ಲಿ ಅವರು ಪುಟ್ಟ ವಿಮಾನದ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ತೆರೆದ ಅಲ್ಲಿನ ಓಟದ ಹಾದಿಗೆ ಅವರದೇ ಹೆಸರು. 2005ರಲ್ಲಿ ಅದೇ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಓಡಿಸಿದಾಗ ಅಕ್ಕನ ಮಗ ಒಂಬತ್ತು ವರ್ಷದವನು. ಗೋಡೆಗೆ ಅಂಟಿಸಿದ ಆ ಚಿತ್ರ ಎಷ್ಟೋ ವರ್ಷ ಹಾಗೆಯೇ ಇತ್ತು.

2023ರಲ್ಲಿ ಅವನೂ ಮೂವರು ಗೆಳೆಯರೂ ಸೇರಿ ಹಳೆಯದೊಂದು ಎಸ್ಟೀಮ್ ಕಾರು ಕೊಂಡು ರೇಸಿಗೆ ಸಜ್ಜು ಮಾಡಿದರು. ಸಂಬಳಕ್ಕಾಗಿ ಅಲ್ಲ, ಹೆಸರಿಗಾಗಿಯೂ ಅಲ್ಲ. ವರ್ಷಕ್ಕೆರಡು ಸಲ ಓಡಿಸಿ ಸಂತೋಷಪಡುವುದಕ್ಕೆ. ಅಕ್ಕ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ನನಗೆ ಹೇಳಿಕಳಿಸಿದಳು.

ಅವಳ ಮೌನಕ್ಕೆ ಕಾರಣವಿತ್ತು. 1998ರಲ್ಲಿ ಭಾವ ಕೃಷ್ಣಗಿರಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಹೋದರು. ಹುಡುಗನಿಗೆ ಆಗ ಎರಡು ವರ್ಷ. ಭಾವ ಹೆಲ್ಮೆಟ್ ಹಾಕಿದ್ದರು, ಗಲ್ಲದ ಪಟ್ಟಿ ಹಾಕಿರಲಿಲ್ಲ. ಅವರು ಒಂದು ಕಡೆ, ಹೆಲ್ಮೆಟ್ ಹತ್ತು ಮಾರು ಆಚೆ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಅಂದಿನಿಂದ ಹೊಲಿಗೆ ಯಂತ್ರ ತುಳಿದು ಮಗನನ್ನು ಬೆಳೆಸಿದವಳು ಅಕ್ಕ.

“ಬೇಡ ಅಂದ್ರೆ ಕದ್ದು ಹೋಗ್ತಾನೆ,” ಎಂದಳು. “ಚೀಟಿ ದುಡ್ಡು ಬಂದದೆ. ತಲೆಗೆ ಹಾಕೋದನ್ನ ನೀನೇ ನೋಡಿ ತಗೊಡು. ಆದ್ರೆ ಅದ್ರಲ್ಲಿ ಏನು ಬರ್ದದೆ, ಯಾಕೆ ಬರ್ದವ್ರೆ, ಎಲ್ಲಾ ನಂಗೆ ಕನ್ನಡದಲ್ಲಿ ಹೇಳ್ಬೇಕು.”

ನನಗೇ ಏಕೆ ವಹಿಸಿದಳೆಂದರೆ, ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಮೂವತ್ತು ವರ್ಷ ತಪಾಸಣೆಯ ಕೆಲಸ ಮಾಡಿದವನು. ಅಳತೆಗೆ ಸರಿಯಿದ್ದ ಮಾಲಿಗೆ ಹಸಿರು ಚೀಟಿ, ಇಲ್ಲದ್ದಕ್ಕೆ ಕೆಂಪು ಚೀಟಿ ಅಂಟಿಸುವುದೇ ನನ್ನ ಕಸುಬು. ಯಾವುದೇ ಮುದ್ರೆಯನ್ನು ಕಂಡರೆ, ಇದು ಯಾವ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಮೊದಲು ಕೇಳುವುದು ರೂಢಿಯಾಗಿದೆ.

ಹುಡುಗನ ಮುಂದೆ ಮೂರು ದಾರಿಗಳಿದ್ದವು. ಒಂದು, ಬೈಕಿಗೆ ಹಾಕುವ ಹೆಲ್ಮೆಟ್ಟನ್ನೇ ಹಾಕುವುದು. ಎರಡು, ಬೆಂಗಳೂರಿನ ಪರಿಚಯದವರೊಬ್ಬರು ಮೂರನೇ ಒಂದು ಬೆಲೆಗೆ ಕೊಡುತ್ತೇನೆಂದಿದ್ದ ಹಳೆಯ ರೇಸಿಂಗ್ ಹೆಲ್ಮೆಟ್ ಕೊಳ್ಳುವುದು. ಮೂರು, ಹೊಸದನ್ನೇ ಕೊಳ್ಳುವುದು. ಹೊಸದಕ್ಕೆ ಮೂವತ್ತು ಸಾವಿರಕ್ಕೂ ಮೇಲೆ. ಅಕ್ಕನ ಚೀಟಿಯ ಹಣ ಹೆಚ್ಚುಕಡಿಮೆ ಅಷ್ಟೇ.

ಮೊದಲನೆಯದು ಬೇಗ ತೀರ್ಮಾನವಾಯಿತು. “ಐಎಸ್ಐ ಗುರುತು ಇದೆಯಲ್ಲ ಮಾವ,” ಎಂದ ಹುಡುಗ. ಇದೆ, ಇರಲೇಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟನ್ನು ನಮ್ಮ ದೇಶದಲ್ಲಿ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಆದರೆ ಆ ಗುರುತು ಉತ್ತರಿಸುವುದು ಬೈಕಿನಿಂದ ಬೀಳುವವನ ಪ್ರಶ್ನೆಗೆ. ಬೈಕಿನವನು ಎಸೆಯಲ್ಪಟ್ಟು ಟಾರಿನ ಮೇಲೆ ಬೀಳುತ್ತಾನೆ. ರೇಸ್ ಕಾರಿನವನು ಎಲ್ಲಿಗೂ ಬೀಳುವುದಿಲ್ಲ. ಅವನನ್ನು ಅಗಲವಾದ ಪಟ್ಟಿಗಳಿಂದ ಆಸನಕ್ಕೆ ಬಿಗಿದಿರುತ್ತಾರೆ, ಸುತ್ತಲೂ ಉಕ್ಕಿನ ಕೊಳವೆಗಳ ಪಂಜರವಿರುತ್ತದೆ. ಕಾರು ಉರುಳಿದರೆ ತಲೆ ಅದೇ ಕೊಳವೆಗೆ ಮತ್ತೆ ಮತ್ತೆ ಬಡಿಯಬಹುದು. ಬೆಂಕಿ ಹತ್ತಿದರೆ ಪಟ್ಟಿ ಬಿಚ್ಚಿ ಹೊರಬರುವವರೆಗೆ ಅಲ್ಲೇ ಇರಬೇಕು. ಆದ್ದರಿಂದ ಕಾರ್ ರೇಸಿನ ಹೆಲ್ಮೆಟ್ಟನ್ನು ಕೊಳವೆಯ ಆಕಾರದ ಕಬ್ಬಿಣಕ್ಕೆ ಬಡಿದು ನೋಡುತ್ತಾರೆ, ಬೆಂಕಿಗೆ ಹಿಡಿದು ನೋಡುತ್ತಾರೆ. ಬೈಕಿನದಕ್ಕೆ ಬೆಂಕಿಯ ಆ ಪರೀಕ್ಷೆ ಇಲ್ಲ. ಹಾಗೆಂದು ಕಾರಿನದನ್ನು ಬೈಕಿಗೆ ಹಾಕಬಹುದೇ ಎಂದರೆ ಅದೂ ಸಲ್ಲ. ಅದರ ಕಣ್ಣಿನ ಕಿಂಡಿ ಕಿರಿದಾಗಿರಲು ಅವಕಾಶವಿದೆ, ರಸ್ತೆಯಲ್ಲಿ ಪಕ್ಕದಿಂದ ಬರುವ ಲಾರಿ ಕಾಣಬೇಕು.

ಈ ಪರೀಕ್ಷೆಗಳನ್ನು ಹುಡುಗ ‘ಸ್ನೆಲ್ ಎಸ್ಎ’ ಎನ್ನುತ್ತಿದ್ದ. ಸ್ನೆಲ್ ಎಂದರೆ ಏನು ಎಂದು ಅಕ್ಕ ಕೇಳಿದಳು. ಅದು ಒಬ್ಬ ಮನುಷ್ಯನ ಹೆಸರು. ಪೀಟ್ ಸ್ನೆಲ್ ಎಂಬ ಹವ್ಯಾಸಿ ಓಟಗಾರ 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರು ಉರುಳಿ ಸತ್ತ. ಹೆಲ್ಮೆಟ್ ಹಾಕಿದ್ದ, ಅದು ಅವನನ್ನು ಕಾಯಲಿಲ್ಲ. ಮರುವರ್ಷ ಅವನ ಗೆಳೆಯರು ಅವನ ಹೆಸರಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಯಾವ ಹೆಲ್ಮೆಟ್ ನಿಜವಾಗಿ ಕಾಯುತ್ತದೆ ಎಂದು ಬಡಿದು ನೋಡಿ ಹೇಳುವುದೇ ಅದರ ಕೆಲಸ. ನಿಯಮವನ್ನು ಐದೈದು ವರ್ಷಕ್ಕೆ ಬಿಗಿ ಮಾಡುತ್ತ ಬಂದಿದ್ದಾರೆ: 2010, 2015, 2020 ಎಂದು ಹೆಲ್ಮೆಟ್ಟಿನ ಒಳಗಿನ ಚೀಟಿಯಲ್ಲಿರುವ ಸಂಖ್ಯೆ ಅದೇ.

ಅಕ್ಕ ಸೂಜಿಗೆ ದಾರ ಪೋಣಿಸುತ್ತ ಕೇಳುತ್ತಿದ್ದಳು. ನಾನು ಮುಂದುವರಿಸಿದೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಅರೇಬಿಯಾದ ಲಾರೆನ್ಸ್ ಎಂದು ಹೆಸರಾದವನು ಮೋಟಾರ್ ಸೈಕಲ್ಲಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರಿದ್ದರು. ಆಮೇಲೆ ಅವರು ಸೈನ್ಯದ ಮೋಟಾರ್ ಸೈಕಲ್ ಸವಾರರ ಸಾವುಗಳನ್ನು ಲೆಕ್ಕ ಹಾಕಿ, ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಏನು ವ್ಯತ್ಯಾಸವೆಂದು 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ಸಂದೇಶವಾಹಕ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

“ಅಂದ್ರೆ ಒಬ್ಬೊಬ್ರು ಸತ್ತಾಗ ಒಂದೊಂದು ಬರ್ದವ್ರೆ,” ಎಂದಳು ಅಕ್ಕ. ಮೂವತ್ತು ವರ್ಷ ಮಾನಕಗಳ ಪುಸ್ತಕ ತಿರುವಿದ ನನಗೆ ಯಾರೂ ಅದನ್ನು ಹೀಗೆ ಹೇಳಿಕೊಟ್ಟಿರಲಿಲ್ಲ.

ಎರಡನೆಯ ದಾರಿಯೇ ಕಷ್ಟದ್ದು, ಏಕೆಂದರೆ ಅದರಲ್ಲಿ ಹಣದ ಆಸೆಯಿತ್ತು. ಹಳೆಯ ಹೆಲ್ಮೆಟ್ ನೋಡಲು ಹೊಳೆಯುತ್ತಿತ್ತು. ಆದರೆ ಹೆಲ್ಮೆಟ್ಟಿನಲ್ಲಿ ಕೆಲಸ ಮಾಡುವುದು ಹೊಳೆಯುವ ಚಿಪ್ಪಲ್ಲ, ಒಳಗಿನ ಪದರ. ನಾವು ಥರ್ಮಾಕೋಲ್ ಎನ್ನುತ್ತೇವಲ್ಲ, ಅದೇ ಜಾತಿಯ, ಅದಕ್ಕಿಂತ ಗಟ್ಟಿಯಾದ ವಸ್ತು. ನಮ್ಮ ಕೃಷ್ಣಗಿರಿಯ ಮಾವಿನಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಹುಲ್ಲಿನ ಮೇಲೆ ಬಿದ್ದರೆ ಉಳಿಯುತ್ತದೆ. ಹುಲ್ಲು ತಾನು ಕುಸಿದು ಕಾಯಿಗೆ ನಿಲ್ಲಲು ಸ್ವಲ್ಪ ಹೆಚ್ಚು ಸಮಯ ಕೊಡುತ್ತದೆ. ಆ ಪದರವೂ ಹಾಗೆಯೇ ಕುಸಿದು ತಲೆಯನ್ನು ಕಾಯುತ್ತದೆ. ಆದರೆ ಹುಲ್ಲನ್ನು ಮತ್ತೆ ಕೆದರಬಹುದು, ಈ ಪದರ ಒಮ್ಮೆ ಕುಸಿದರೆ ಮೇಲೇಳುವುದಿಲ್ಲ. ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ. ಬೆವರು, ಬಿಸಿಲು, ವಯಸ್ಸು ಇವೂ ಅದನ್ನು ಕೆಡಿಸುತ್ತವೆ. ಐದು ವರ್ಷಕ್ಕೊಮ್ಮೆ ಬದಲಿಸಿರೆಂದು ಸ್ನೆಲ್ ಸಂಸ್ಥೆಯೇ ಹೇಳುತ್ತದೆ. ಹಳೆಯ ಚೀಟಿಗಳನ್ನು ರೇಸಿನ ಆಡಳಿತ ಸಂಸ್ಥೆಗಳು ಒಂದೊಂದಾಗಿ ಪಟ್ಟಿಯಿಂದ ತೆಗೆಯುತ್ತವೆ, ಆಮೇಲೆ ಅದನ್ನು ಹಾಕಿ ಓಡಲು ಬಿಡುವುದಿಲ್ಲ. ನಮಗೆ ಕೊಡುತ್ತೇನೆಂದಿದ್ದ ಹೆಲ್ಮೆಟ್ಟಿನ ಚೀಟಿ 2010ರದ್ದು. ಅದು ಎಲ್ಲಿಯಾದರೂ ಬಿದ್ದಿತ್ತೇ ಎಂದು ಕೇಳಿದ್ದಕ್ಕೆ ನೇರವಾದ ಉತ್ತರ ಬರಲಿಲ್ಲ. ನಾನು ಮನಸ್ಸಿನಲ್ಲೇ ಕೆಂಪು ಚೀಟಿ ಅಂಟಿಸಿದೆ.

ಹೊಸದೇ ಎಂದಾಯಿತು. ಅಂಗಡಿಗೆ ಹೋಗುವ ಮುಂಚೆ ಅಕ್ಕ ತನ್ನ ಹೊಲಿಗೆಯ ಟೇಪಿನಿಂದಲೇ ಮಗನ ತಲೆ ಅಳೆದಳು. ಹುಬ್ಬಿನಿಂದ ಒಂದು ಅಂಗುಲ ಮೇಲೆ, ಕಿವಿಯ ಮೇಲ್ಭಾಗ ದಾಟಿ, ಹಿಂದೆ ತಲೆ ಅತಿ ಉಬ್ಬಿರುವ ಜಾಗದ ಮೇಲೆ ಹಾಯುವಂತೆ. 59 ಸೆಂಟಿಮೀಟರ್. “ಎರಡು ವರ್ಷದವನಿದ್ದಾಗ ಟೋಪಿ ಹೊಲಿಯೋಕೆ ಅಳೆದಿದ್ದೆ,” ಎಂದಳು.

ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನ ಅಂಗಡಿಯೊಂದಕ್ಕೆ ಮೂವರೂ ಹೋದೆವು. ಅಳತೆಯ ಸಂಖ್ಯೆ ಒಂದೇ ಆದರೂ ತಲೆಯ ಆಕಾರ ಒಂದೇ ಅಲ್ಲ ಎಂಬುದು ಅಲ್ಲಿ ತಿಳಿಯಿತು. ಕೆಲವರದು ಗುಂಡು, ಕೆಲವರದು ಉದ್ದ. ಮೊದಲ ಹೆಲ್ಮೆಟ್ ಹಣೆಯನ್ನು ಒತ್ತಿತು. ಎರಡನೆಯದು ಹಿತವಾಗಿತ್ತು, ಅಂದರೆ ಸಡಿಲವಾಗಿತ್ತು. ಬೆಂಕಿ ತಾಳುವ ತೆಳು ಮುಸುಕನ್ನು ಹಾಕಿಕೊಂಡು, ಅದರ ಮೇಲೆ ಮೂರನೆಯದನ್ನು ಹಾಕಿ ಇಪ್ಪತ್ತು ನಿಮಿಷ ಕೂರಿಸಿದೆ. ಕೆನ್ನೆ ಒತ್ತಿ ತುಟಿ ಮುಂದೆ ಬಂದು ಹುಡುಗ ಮೀನಿನಂತೆ ಕಂಡ. ಹೆಲ್ಮೆಟ್ಟನ್ನು ಹಿಡಿದು ಅತ್ತಿತ್ತ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ತಿರುಗಿತು. ತೆಗೆದಾಗ ಹಣೆಯ ಮೇಲೆ ನೋಯುವ ಕೆಂಪು ಗುರುತಿರಲಿಲ್ಲ. ಚೀಟಿ 2020ರದ್ದು.

ಅದರ ಎರಡೂ ಬದಿಯಲ್ಲಿ ಲೋಹದ ತೂತುಗಳಿದ್ದವು. ಅವು ಕುತ್ತಿಗೆಯ ರಕ್ಷಣೆಗೆ. ಕಾರು ಗೋಡೆಗೆ ಬಡಿದಾಗ ಮೈ ಪಟ್ಟಿಯಲ್ಲಿ ನಿಲ್ಲುತ್ತದೆ, ತಲೆ ಮಾತ್ರ ಹೆಲ್ಮೆಟ್ಟಿನ ಭಾರದೊಡನೆ ಮುಂದಕ್ಕೆ ಹಾರುತ್ತದೆ. ತಲೆಯನ್ನು ಹೆಗಲಿಗೆ ಕಟ್ಟಿ ನಿಲ್ಲಿಸುವ ಪಟ್ಟಿಯನ್ನು ಆ ತೂತುಗಳಿಗೆ ಸಿಕ್ಕಿಸುತ್ತಾರೆ. ಇದನ್ನು ಕಂಡುಹಿಡಿದವರು ಅಮೆರಿಕದ ಜಿಮ್ ಡೌನಿಂಗ್ ಎಂಬ ಓಟಗಾರ ಮತ್ತು ಪ್ರಾಧ್ಯಾಪಕರಾದ ರಾಬರ್ಟ್ ಹಬಾರ್ಡ್. ಸಂಬಂಧದಲ್ಲಿ ಭಾವಮೈದುನರು. 1981ರಲ್ಲಿ ಗೆಳೆಯನೊಬ್ಬ ಹೀಗೆ ಬಡಿದು ಸತ್ತ ಮೇಲೆ ಇಬ್ಬರೂ ಕೂತು ಯೋಚಿಸಿದರಂತೆ. ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾದದ್ದು 2003ರಲ್ಲಿ.

ಅಕ್ಕ ಇಷ್ಟೆಲ್ಲ ಕೇಳಿಸಿಕೊಂಡು ಕೊನೆಗೆ ತನ್ನ ಒಂದೇ ಪ್ರಶ್ನೆ ಕೇಳಿದಳು. “ಇದು ತಲೆಯಿಂದ ಕಳಚ್ಕೊಂಡು ಹೋಗ್ತದಾ?”

ಅಂಗಡಿಯ ಹುಡುಗ ಬೆಲೆಯ ಮಾತು ತೆಗೆದ. ನಾನು ಅವನನ್ನು ತಡೆದು, ಗಲ್ಲದ ಪಟ್ಟಿಯನ್ನು ಎರಡು ಬಳೆಗಳ ನಡುವೆ ತೂರಿಸಿ ಬಿಗಿದು, “ನೀನೇ ನೋಡಕ್ಕ” ಎಂದೆ. ಹಿಂದಿನ ಕೆಳ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಿ ಎಳೆಯಬೇಕು. ಕಳಚಿ ಬಂದರೆ ಅದು ಆ ತಲೆಗೆ ಸಲ್ಲ. ಈ ಪರೀಕ್ಷೆ ಪ್ರಯೋಗಶಾಲೆಯಲ್ಲೂ ಇದೆ, ಅಂಗಡಿಯಲ್ಲೂ ಮಾಡಬಹುದು. ಅಕ್ಕ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಇಪ್ಪತ್ತೈದು ವರ್ಷದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ಹುಡುಗ “ಅಮ್ಮಾ, ಕುತ್ತಿಗೆ!” ಎಂದ. ಹೆಲ್ಮೆಟ್ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬರಲಿಲ್ಲ. ಆಮೇಲೆ ಸೊಂಟದ ಚೀಲದಿಂದ ಹಣ ತೆಗೆದು ಎಣಿಸಿದಳು.

ಲಾರೆನ್ಸನ ಸಾವಿನಿಂದ ಒಂದು ಲೆಕ್ಕ ಹುಟ್ಟಿತು, ಸ್ನೆಲ್ ಸತ್ತದ್ದರಿಂದ ಒಂದು ಸಂಸ್ಥೆ ಹುಟ್ಟಿತು. ನಮ್ಮ ಭಾವನ ಹೆಸರಿನಲ್ಲಿ ಯಾವ ಚೀಟಿಯೂ ಇಲ್ಲ. ಆದರೆ ಅವರು ಸತ್ತ ಕಾರಣವನ್ನು ಅಕ್ಕ ಒಂದು ಪ್ರಶ್ನೆಯಾಗಿ ಕಾಪಾಡಿಕೊಂಡು ಬಂದಿದ್ದಳು, ಅದನ್ನು ಕೇಳುವ ದಿನ ಬಂದಾಗ ಕನ್ನಡದಲ್ಲಿ ಕೇಳಿದಳು. ನಮ್ಮಂಥ ಊರುಗಳಲ್ಲಿ ನಿಯಮ ಒಂದು ಭಾಷೆಯಲ್ಲಿರುತ್ತದೆ, ವಿವರ ಇನ್ನೊಂದರಲ್ಲಿ. ಮನೆಯಲ್ಲಿ ಹೆದರುವವರ ಭಾಷೆ ಮತ್ತೊಂದು. ಈ ಮೂರನ್ನೂ ಕೂಡಿಸಿ ಹೇಳುವವರು ಮನೆಗೊಬ್ಬರಾದರೂ ಇರಬೇಕು. ಕಾಸರಗೋಡಿನ ಮನೆಗಳಲ್ಲೂ ಇದು ಹೀಗೆಯೇ ಇರಬಹುದೆಂದು ನನ್ನ ಊಹೆ.

ಹುಡುಗ ಇದುವರೆಗೆ ನಾಲ್ಕು ಸಲ ಓಡಿಸಿದ್ದಾನೆ. ಗೆದ್ದಿಲ್ಲ, ಒಮ್ಮೆ ಕಾರು ನಡುವೆಯೇ ನಿಂತಿತು. ಹೆಲ್ಮೆಟ್ಟಿಗೆ ಅಕ್ಕ ಹಳೆಯ ಹತ್ತಿ ಸೀರೆಯಿಂದ ಎರಡು ಪದರದ ಚೀಲ ಹೊಲಿದಿದ್ದಾಳೆ. ಒಂದು ಜೋರಾದ ಏಟು ಬಿದ್ದರೆ ಇದನ್ನು ಎಸೆಯಬೇಕು ಎಂದು ನಾನು ಹೇಳಿದಾಗ, ಇಷ್ಟು ದುಡ್ಡಿನದ್ದನ್ನೇ ಎಂದು ಗೊಣಗುತ್ತಾಳೆಂದು ತಿಳಿದಿದ್ದೆ. “ಎಸೀಲಿ,” ಎಂದಳು. “ಇನ್ನೊಂದು ಚೀಟಿ ಹಾಕ್ತೀನಿ.”